ಭಂಗಾರವೋ, ಬಂಗಾರವೋ?

ನಮ್ಮ ಚಿಕ್ಕೋಡಿ ಕಡೆ ಒಂದೇ ಅಕ್ಷರದಲ್ಲಿ ಲಕ್ಷ ರೂಪಾಯಿ ಅದಲುಬದಲಾಗುತ್ತದೆ. ‘ಬಂಗಾರ’ ಎಂದರೆ ಚಿನ್ನ, ಇದು ಎಲ್ಲ ಕನ್ನಡಿಗರಿಗೂ ಗೊತ್ತು. ‘ಭಂಗಾರ’ ಎಂದರೆ ಗುಜರಿ. ಇದು ಮರಾಠಿಯಿಂದ ಬಂದ ಮಾತು, ಗಡಿಭಾಗದವರ ಬಾಯಲ್ಲಿ ನಿತ್ಯ ಇರುವಂಥದ್ದು. ಬೆಂಗಳೂರಿನಿಂದ ರಜೆಗೆ ಬಂದಿದ್ದ ನನ್ನ ಆರು ವರ್ಷದ ಮೊಮ್ಮಗ ಒಂದು ಬೆಳಿಗ್ಗೆ ಓಣಿಯಿಂದ ಓಡಿ ಬಂದ. “ಅಜ್ಜಾ, ಗಾಡಿಯವನು ಬಂಗಾರ ಬಂಗಾರ ಅಂತ ಕೂಗ್ತಿದ್ದಾನೆ, ಬೇಗ ಬಾ!” ಎಂದ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಈಗ ಯೋಚಿಸಿದರೆ ಹುಡುಗ ಹೇಳಿದ್ದು ಅಷ್ಟೇನೂ ತಪ್ಪಲ್ಲ. ನಮ್ಮ ಐದು ತಾಲ್ಲೂಕುಗಳಿಂದ ಆ ಗಾಡಿಗಳಲ್ಲಿ ಹೋದ ಸಾಮಾನಿನಲ್ಲಿ ಎಷ್ಟೋ ಬಂಗಾರವಿತ್ತು. ಬಂಗಾರವೆಂದು ನಾನು ಹಣ ಕೊಟ್ಟು ತಂದದ್ದರಲ್ಲಿ ಭಂಗಾರವೂ ಇತ್ತು.

ನಾನು ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿದ್ದೆ, ಅದರಲ್ಲಿ ಬಹುಕಾಲ ಕ್ಯಾಶ್ ಕೌಂಟರಿನಲ್ಲಿ. ನೋಟಿನ ಕಟ್ಟು ಎಣಿಸುವಾಗ ಖೋಟಾ ನೋಟು ಬಂದರೆ ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ತಿಳಿಯುತ್ತಿತ್ತು. ನಿವೃತ್ತನಾದ ಮೇಲೆ ಹಳೆಯ ಸಾಮಾನಿನ ಹುಚ್ಚು ಹತ್ತಿತು. ನಾಣ್ಯ, ಅಡಕೊತ್ತು, ಹಿತ್ತಾಳೆಯ ದೀಪ, ಮುರುಕು ಕುರ್ಚಿ, ಏನು ಕಂಡರೂ ನಿಲ್ಲುವವನೇ. ಮೋಸ ಹೋಗುವ ಭಯವಿರಲಿಲ್ಲ. ಹೆಬ್ಬೆರಳಿತ್ತಲ್ಲ!

ರಾಯಬಾಗ ತಾಲ್ಲೂಕಿನ ಒಂದು ಜಾತ್ರೆಯಲ್ಲಿ ಗೋಣಿತಟ್ಟಿನ ಮೇಲೆ ನಾಣ್ಯ ಹರವಿಕೊಂಡು ಒಬ್ಬ ಕುಳಿತಿದ್ದ. ಅದರಲ್ಲೊಂದು ದಪ್ಪ ತಾಮ್ರದ ನಾಣ್ಯ. ಒಂದು ಬದಿಗೆ ರಾಮ, ಸೀತೆ, ಲಕ್ಷ್ಮಣ, ಕಾಲ ಬಳಿ ಹನುಮಂತ. ಇನ್ನೊಂದು ಬದಿಗೆ ಇಂಗ್ಲಿಷಿನಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, ಅರ್ಧ ಆಣೆ, 1818’. ಎಂಟುನೂರು ಹೇಳಿದ, ಐನೂರಕ್ಕೆ ಕೊಟ್ಟ. ಇನ್ನೂರು ವರ್ಷದ ನಾಣ್ಯ ಐನೂರು ರೂಪಾಯಿಗೆ! ನಾನೇ ಅವನಿಗೆ ಮೋಸ ಮಾಡಿದೆನೇನೋ ಎನ್ನಿಸಿ ಬೇಗಬೇಗ ಅಲ್ಲಿಂದ ಹೊರಟೆ. ಮನೆಗೆ ಬಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಹೊಳೆಯಿಸಿದೆ. ನಾಣ್ಯ ಬಲ್ಲವರು ಎಂದೂ ಮಾಡದ ಕೆಲಸ ಇದು. ಹಳೆಯ ನಾಣ್ಯದ ಮೇಲಿನ ಕಂದುಬಣ್ಣವೇ ಅದರ ವಯಸ್ಸಿನ ಸಾಕ್ಷಿ, ತಿಕ್ಕಿದರೆ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು. ಆಗ ನನಗೆ ಅದು ಗೊತ್ತಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂರುವ ನನ್ನ ವಾರಗೆಯವರಿಗೆಲ್ಲ ಅದನ್ನು ತೋರಿಸಿದೆ.

ಮೊದಲು ಸಂಶಯಪಟ್ಟವಳು ನನ್ನ ಮೊಮ್ಮಗಳು. ಆಗ ಏಳನೆಯ ಇಯತ್ತೆಯಲ್ಲಿದ್ದಳು. ನಾಣ್ಯವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಜ್ಜಾ, 1818ರಾಗ ಪೇಶ್ವೆ ಸೋತ್ರು, ನಮ್ಮ ಸೀಮಿ ಎಲ್ಲಾ ಕಂಪನಿ ಕೈಗೆ ಹೋತು ಅಂತ ನಮ್ಮ ಸರ್ ಹೇಳ್ಯಾರ. ಅದ ವರ್ಷ ಕಂಪನಿಯವ್ರು ರಾಮದೇವರ ಚಿತ್ರ ಯಾಕ ಹಾಕಿದ್ರು?” ಎಂದಳು. “ಜನರ ಮನಸ್ಸು ಗೆಲ್ಲಾಕ ಹಾಕಿರಬೇಕು” ಎಂದು ಜಾರಿಕೊಂಡೆ. ಆದರೆ ರಾತ್ರಿ ನಿದ್ದೆ ಬರಲಿಲ್ಲ.

ನಾಣ್ಯಗಳನ್ನು ಅಭ್ಯಾಸ ಮಾಡಿದ ಗೆಳೆಯರೊಬ್ಬರಿಗೆ ತೋರಿಸಿದಾಗ ಅವರು ಅದನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ, ದೂರದಿಂದಲೇ ನಕ್ಕರು. 1835ರ ವರೆಗೆ ಕಂಪನಿ ಸರ್ಕಾರಕ್ಕೆ ಇಡೀ ದೇಶಕ್ಕೊಂದು ನಾಣ್ಯವೇ ಇರಲಿಲ್ಲವಂತೆ. ಬಂಗಾಳಕ್ಕೊಂದು, ಮದರಾಸಿಗೊಂದು, ಮುಂಬಯಿಗೊಂದು. ಅವರ ಬೆಳ್ಳಿ ರೂಪಾಯಿಯ ಮೇಲೂ ಬಹುಕಾಲ ಮೊಗಲ ಬಾದಶಹನ ಹೆಸರೇ ಪಾರ್ಸಿಯಲ್ಲಿ ಇರುತ್ತಿತ್ತು. ಒಂದೇ ನಮೂನೆಯ ರೂಪಾಯಿ ಬಂದದ್ದು 1835ರಲ್ಲಿ, ನಾಲ್ಕನೆಯ ವಿಲಿಯಂ ದೊರೆಯ ತಲೆಯೊಂದಿಗೆ. ರಾಮ, ಹನುಮಂತರ ಚಿತ್ರದ ಆಣೆಯನ್ನು ಕಂಪನಿ ಚಲಾವಣೆಗೆ ಬಿಡಲೇ ಇಲ್ಲ. ಪೂಜೆಗೆ ಇಡುವ ರಾಮಟಂಕಗಳು ನಿಜವಾಗಿ ಇವೆ, ಆದರೆ ಅವುಗಳ ಮೇಲೆ ‘ಅರ್ಧ ಆಣೆ’ ಎಂದು ಬೆಲೆ ಇರುವುದಿಲ್ಲ. ಆಮೇಲೆ ಯಾರೋ ದೇವರನ್ನೂ ಕಂಪನಿಯನ್ನೂ ಸೇರಿಸಿ ಅಚ್ಚು ಹೊಡೆದು ಮಾರುತ್ತಿದ್ದಾರೆ, ಕೆಲವಕ್ಕೆ 1818, ಕೆಲವಕ್ಕೆ 1616 ಎಂದೂ ಹಾಕುತ್ತಾರೆ. ಏಳನೆಯ ಇಯತ್ತೆಯ ಹುಡುಗಿಗೆ ಹೊಳೆದ ಪ್ರಶ್ನೆ ಬಿ.ಕಾಂ. ಪದವೀಧರನಿಗೆ ಹೊಳೆಯಲಿಲ್ಲ!

ಇಷ್ಟೇ ಆಗಿದ್ದರೆ ನಗೆಯಲ್ಲಿ ಮುಗಿಯುತ್ತಿತ್ತು. ಆದರೆ ನಾನು ಒಂದು ತಪ್ಪು ಮಾಡಿದೆ. ನಾಣ್ಯ ಖೋಟಾ ಎಂದು ಗೊತ್ತಾದ ಮೇಲೆ ಅದನ್ನು ಟ್ರಂಕಿನ ತಳಕ್ಕೆ ಹಾಕಿ ಸುಮ್ಮನಾದೆ. ಕಟ್ಟೆಯ ಮೇಲೆ ಯಾರಿಗೂ ಹೇಳಲಿಲ್ಲ. ಬ್ಯಾಂಕಿನವನು ಮೋಸ ಹೋದ ಎಂದರೆ ಮಾನ ಹೋಗುವುದಿಲ್ಲವೇ? ಕಟ್ಟೆಯ ನಮ್ಮ ಬಳಗದಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದರು. ಮೂರು ತಿಂಗಳ ನಂತರ ಅವರ ಮನೆಗೆ ಇಬ್ಬರು ಬಂದು ಇಂಥದೇ ನಾಣ್ಯ ತೋರಿಸಿದರು. “ಇದು ಅಕ್ಕಿಕಾಳನ್ನು ಎಳೆಯುತ್ತದೆ, ಇದರಲ್ಲಿ ವಿಶೇಷ ಧಾತು ಇದೆ, ವಿದೇಶದ ವಿಜ್ಞಾನಿಗಳು ಕೋಟಿಗಟ್ಟಲೆ ಕೊಟ್ಟು ಕೊಳ್ಳುತ್ತಾರೆ, ಪರೀಕ್ಷೆಯ ಖರ್ಚಿಗೆ ನೀವು ಸ್ವಲ್ಪ ಹಣ ಹಾಕಿ, ಲಾಭದಲ್ಲಿ ಪಾಲು ತೆಗೆದುಕೊಳ್ಳಿ” ಎಂದರು. ಮುಂದೆ ಕಾಳು ಇಟ್ಟು ತೋರಿಸಿದರು, ಕಾಳು ಸರಕ್ಕನೆ ನಾಣ್ಯಕ್ಕೆ ಅಂಟಿತು. ನಾಣ್ಯದ ಹೊಟ್ಟೆಯಲ್ಲಿ ಅಯಸ್ಕಾಂತ, ಕಾಳಿಗೆ ಕಬ್ಬಿಣದ ಪುಡಿ. ಮಕ್ಕಳೇ, ಶಾಲೆಯ ಪ್ರಯೋಗಶಾಲೆಯಲ್ಲಿ ನೀವೂ ಇದನ್ನು ಮಾಡಬಹುದು. ಮಾಸ್ತರರು ನಿವೃತ್ತಿಯ ಹಣದಲ್ಲಿ ನಾಲ್ಕು ಲಕ್ಷ ಕೊಟ್ಟರು. ಅವರಿಗೆ ಸಂಶಯವೇ ಬರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತಂತೆ. ಆದರೆ ‘ಬ್ಯಾಂಕಿನ ಸಾಹೇಬರ ಹತ್ರನೂ ಇಂಥದ ನಾಣ್ಯ ಐತಿ’ ಎಂದು ನೆನಪಾಗಿ ಧೈರ್ಯ ಬಂತಂತೆ.

ಅವರು ನನ್ನನ್ನು ಬೈಯಲಿಲ್ಲ. “ಗೊತ್ತಾದಾಗ ಒಂದ ಮಾತು ಹೇಳಬಾರದಿತ್ತೇನ್ರಿ?” ಎಂದರು, ಅಷ್ಟೇ. ಅಂದಿನಿಂದ ನಾನು ನನ್ನ ದಡ್ಡತನವನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾ ಬಂದಿದ್ದೇನೆ. ಈಗ ನಿಮಗೂ ಹೇಳುತ್ತಿದ್ದೇನೆ.

ಇದೇ ಜಾತಿಯ ಇನ್ನೊಂದು ಬಲೆ ಈಗ ಮೊಬೈಲಿನಲ್ಲಿ ಬರುತ್ತದೆ. ‘ನಿಮ್ಮ ಬಳಿ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು ಇದೆಯೇ? ಲಕ್ಷಾಂತರ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ.’ ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಎಲ್ಲ ಹಾಕಿರುತ್ತಾರೆ. ತಾನು ಹಳೆಯ ನೋಟು ನಾಣ್ಯಗಳ ಇಂಥ ವ್ಯಾಪಾರ ಮಾಡುವುದಿಲ್ಲ, ಅದಕ್ಕೆ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಕೆ ಕೊಟ್ಟಿದೆ. ಮಾರುವವನಿಂದಲೇ ಮುಂಗಡ ಹಣ ಕೇಳುವ ಗಿರಾಕಿಯನ್ನು ನೀವು ಯಾವ ಸಂತೆಯಲ್ಲಾದರೂ ಕಂಡಿದ್ದೀರಾ?

ನಾಣ್ಯದ ಅಭ್ಯಾಸವನ್ನು ಮಾತ್ರ ಬಿಡಲಿಲ್ಲ, ಮೊಮ್ಮಗಳನ್ನು ಜೊತೆಗೆ ಸೇರಿಸಿಕೊಂಡೆ. ಅದರಲ್ಲಿ ಇತಿಹಾಸವೂ ಇದೆ, ಲೆಕ್ಕವೂ ಇದೆ. ಬ್ರಿಟಿಷರ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಸರಾಫರ ಅಂಗಡಿಯ ತಕ್ಕಡಿಯಲ್ಲಿ ಇಟ್ಟರೆ ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು, ಹೆಚ್ಚು ತೂಗಬಾರದು. ಒಂಬತ್ತು ಗ್ರಾಂ ತೂಗಿದರೆ ಅಲ್ಲೇ ಕೈಮುಗಿಯಿರಿ. ವಿಕ್ಟೋರಿಯಾ ರಾಣಿಯ ರೂಪಾಯಿಯ ಮೇಲೆ 1876ರ ವರೆಗೆ ‘ಕ್ವೀನ್’, 1877ರಿಂದ ‘ಎಂಪ್ರೆಸ್’. ‘ಎಂಪ್ರೆಸ್’ ಎಂದಿದ್ದು 1862 ಎಂದು ಇಸವಿ ಇದ್ದರೆ ಅಚ್ಚು ಹೊಡೆದವನು ಇತಿಹಾಸದಲ್ಲಿ ನಾಪಾಸು. 1940ರಿಂದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧವಾಯಿತು, 1947ರಲ್ಲಿ ಬೆಳ್ಳಿಯೇ ಹೋಗಿ ನಿಕ್ಕಲ್ ಬಂತು. ನನ್ನ ತಂದೆ ಯಾವ ರೂಪಾಯಿಯನ್ನೂ ಕಟ್ಟೆಯ ಕಲ್ಲಿಗೆ ಬಡಿದು ಸದ್ದು ಕೇಳದೆ ಜೇಬಿಗೆ ಹಾಕುತ್ತಿರಲಿಲ್ಲ, ಅದು ಸುಮ್ಮನೆ ಬಂದ ಚಟವಲ್ಲ.

ಮೊಮ್ಮಗಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು 1911ರ ರೂಪಾಯಿಯ ಕಥೆ. ಐದನೆಯ ಜಾರ್ಜ್ ದೊರೆಯ ಅಂಗಿಯ ಮೇಲಿನ ಪದಕದಲ್ಲಿ ಪುಟ್ಟದೊಂದು ಆನೆ ಇತ್ತು. ಅಚ್ಚಿನಲ್ಲಿ ಸೊಂಡಿಲು ಗಿಡ್ಡವಾಗಿ ಜನರಿಗೆ ಅದು ಹಂದಿಯಂತೆ ಕಂಡಿತು. ದೊಡ್ಡ ಗದ್ದಲವಾಗಿ ಮುಂದಿನ ವರ್ಷ ಸೊಂಡಿಲು ಉದ್ದ ಮಾಡಿದರು. ಇನ್ನು 1943ರಿಂದ 1947ರ ವರೆಗಿನ ತೂತಿನ ಪೈಸೆ ನನ್ನ ವಾರಗೆಯವರಿಗೆಲ್ಲ ನೆನಪಿದೆ. ಯುದ್ಧಕಾಲದಲ್ಲಿ ತಾಮ್ರ ಉಳಿಸಲು ನಡುವೆ ತೂತು ಬಿಟ್ಟರು. ನಾವು ಅದನ್ನು ಉಡಿದಾರಕ್ಕೆ ಪೋಣಿಸಿಕೊಳ್ಳುತ್ತಿದ್ದೆವು. ಇವು ಇಂದಿಗೂ ಕಡಿಮೆ ಬೆಲೆಗೆ ಸಿಗುತ್ತವೆ. ಮಕ್ಕಳು ಸಂಗ್ರಹ ಶುರು ಮಾಡುವುದಾದರೆ ಇಲ್ಲಿಂದಲೇ ಮಾಡಲಿ. ಅಗ್ಗದ ನಾಣ್ಯಕ್ಕೆ ಯಾರೂ ಖೋಟಾ ಅಚ್ಚು ಮಾಡುವ ಗೋಜಿಗೆ ಹೋಗುವುದಿಲ್ಲ.

ಇಸವಿಯ ಲೆಕ್ಕ ನಾಣ್ಯಕ್ಕಷ್ಟೇ ಅಲ್ಲ. ಕಾಗವಾಡದಿಂದ ಮಿರಜಿಗೆ ಹೋಗುವಾಗ ಒಂದು ಹೋಟೆಲಿನಲ್ಲಿ ಚಹಾಕ್ಕೆ ನಿಂತಿದ್ದೆವು. ಗಲ್ಲಾದ ಹಿಂದೆ ಹಿತ್ತಾಳೆಯ ರೈಲ್ವೆ ಕಂದೀಲು ತೂಗುಹಾಕಿದ್ದರು. ಅದರ ಮೇಲೆ ‘ಎಂ. ಅಂಡ್ ಎಸ್.ಎಂ. ರೈಲ್ವೆ, 1892’ ಎಂದು ಕೆತ್ತಿತ್ತು. ಹೋಟೆಲಿನವರು ಅದನ್ನು ಮುಂಬಯಿಯಿಂದ ಹೆಚ್ಚಿನ ಬೆಲೆ ಕೊಟ್ಟು ತಂದಿದ್ದರಂತೆ. ಶೇಡಬಾಳ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ಸ್ಟೇಷನ್ನುಗಳಿರುವ ನಮ್ಮ ಲೈನು ಮೊದಲು ಸದರ್ನ್ ಮರಾಠಾ ರೈಲ್ವೆಯದು. ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ‘ಎಂ. ಅಂಡ್ ಎಸ್.ಎಂ.’ ಆದದ್ದು 1908ರಲ್ಲಿ. ಹದಿನಾರು ವರ್ಷ ಮೊದಲೇ ಆ ಹೆಸರನ್ನು ಕಂದೀಲಿನ ಮೇಲೆ ಕೆತ್ತಿದವನು ಜ್ಯೋತಿಷಿಯೇ ಇರಬೇಕು. ನಾನು ಹೇಳಲು ಬಾಯಿ ತೆರೆದೆ, ನಮ್ಮ ಮನೆಯವರು ಮೊಣಕೈಯಿಂದ ತಿವಿದರು. ಮಾಸ್ತರರ ಮುಖ ನೆನಪಾಗಿ ಕಡೆಗೂ ಹೇಳಿಯೇಬಿಟ್ಟೆ. ಅವರಿಗೆ ಬೇಸರವಾಯಿತು, ಚಹಾದ ದುಡ್ಡು ಮಾತ್ರ ತೆಗೆದುಕೊಳ್ಳಲಿಲ್ಲ.

ಮರದ ಸಾಮಾನಿನ ವಿದ್ಯೆ ನನಗೆ ಕಲಿಸಿದವರು ಅಥಣಿ ತಾಲ್ಲೂಕಿನ ಹಳ್ಳಿಯೊಂದರ ಬಡಿಗೇರ ಕಾಕಾ. ಎಂಬತ್ತು ದಾಟಿದವರು, ಕಣ್ಣು ಮಂದ, ಬೆರಳು ಚುರುಕು. ‘ಬ್ರಿಟಿಷ್ ಕಲೆಕ್ಟರನ ಕುರ್ಚಿ’ ಎಂದು ನಾನು ಕೊಂಡಿದ್ದ ಒಂದು ಆರಾಮಕುರ್ಚಿಯನ್ನು ಟೆಂಪೋದಲ್ಲಿ ಹಾಕಿಕೊಂಡು ಅವರ ಬಳಿ ಒಯ್ದೆ. ಕಾಕಾ ಕುರ್ಚಿಯ ಮುಂಭಾಗವನ್ನು ನೋಡಲೇ ಇಲ್ಲ. “ಬೋರಲು ಹಾಕ್ರಿ ಸಾಹೇಬ್ರ. ಮುಂದ ನೋಡಿದ್ರ ಎಲ್ಲಾರೂ ಚಂದನ ಇರ್ತಾರ” ಎಂದರು.

ಬೋರಲು ಹಾಕಿದೆವು. ತಳಭಾಗಕ್ಕೂ ಮೇಲಿನಷ್ಟೇ ಕಪ್ಪು ಬಣ್ಣ. “ಇದ ಮೊದಲನೇ ಸುಳ್ಳು” ಎಂದರು ಕಾಕಾ. ಕೈ, ಬೆವರು, ಎಣ್ಣೆ ತಾಗುವ ಕಡೆ ಮರ ಕಪ್ಪಾಗಿ ನುಣುಪಾಗುತ್ತದೆ. ಯಾರೂ ಮುಟ್ಟದ ತಳ ಬೇರೆಯೇ ಬಣ್ಣಕ್ಕೆ ತಿರುಗಿ ಒಣಒಣವಾಗಿರುತ್ತದೆ. ಎಲ್ಲ ಕಡೆ ಒಂದೇ ಬಣ್ಣವೆಂದರೆ ಚಹಾದ ನೀರೋ ಬೂಟಿನ ಪಾಲಿಶೋ ಬಳಿದದ್ದು. ನಂತರ ಸ್ಕ್ರೂ ತೋರಿಸಿದರು. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೀರು. ಆ ನಮೂನೆಯ ಸ್ಕ್ರೂ ಅಮೆರಿಕದಲ್ಲಿ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ನಮ್ಮ ಹಳ್ಳಿಯ ಬಡಿಗರ ಕೈಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಹಳೆಯ ಸ್ಕ್ರೂಗಳಿಗೆ ಒಂದೇ ಉದ್ದ ಗೀರು ಇರುತ್ತಿತ್ತು. ಆದರೆ ಕಾಕಾ ಇಲ್ಲಿ ಅವಸರ ಮಾಡಲಿಲ್ಲ. “ಹಳೇ ಕುರ್ಚಿ ರಿಪೇರಿ ಮಾಡಿದವನೂ ಹೊಸಾ ಸ್ಕ್ರೂ ಹಾಕಿರ್ತಾನ. ಒಂದ ಸಾಕ್ಷಿ ಮ್ಯಾಲೆ ಯಾರನ್ನೂ ಕಳ್ಳ ಅನಬಾರದು” ಎಂದು ಸ್ಕ್ರೂ ಬಿಚ್ಚಿದರು. ಒಳಗಿನ ತೂತು ಬೆಳ್ಳಗೆ, ಹೊಸ ಮರದ ವಾಸನೆ. ಬಿಳಿಯ ಅಂಟು ಬೇರೆ ಮೆತ್ತಿತ್ತು. ಹಿಂದಿನ ಬಡಿಗರು ಎಲುಬು, ಚರ್ಮ ಕುದಿಸಿ ಮಾಡಿದ ಸರೇಸು ಬಳಸುತ್ತಿದ್ದರು, ಅದು ಒಣಗಿದರೆ ಕಂದಾಗಿ ಗಾಜಿನಂತೆ ಒಡೆಯುತ್ತದೆ. ಫೆವಿಕಾಲ್ ಬಂದದ್ದು 1959ರಲ್ಲಿ. ಬ್ರಿಟಿಷ್ ಕಲೆಕ್ಟರ ಅಷ್ಟರಲ್ಲಿ ಊರಿಗೆ ಹೋಗಿ ಹನ್ನೆರಡು ವರ್ಷವಾಗಿತ್ತು!

ಆ ಮಧ್ಯಾಹ್ನ ಕಾಕಾ ಹೇಳಿದ್ದನ್ನೆಲ್ಲ ಚಹಾದ ಪುಡಿಯ ಕಾಗದದ ಮೇಲೆ ಬರೆದುಕೊಂಡು ಬಂದೆ. ದುಂಡು ಮೇಜು ನಿಜವಾಗಿ ಹಳೆಯದಾದರೆ ದುಂಡಗೆ ಉಳಿದಿರುವುದಿಲ್ಲ. ಮರ ಉದ್ದಕ್ಕೆ ಕುಗ್ಗುವುದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುತ್ತದೆ, ಆದ್ದರಿಂದ ಹಗ್ಗ ಹಿಡಿದು ಎರಡು ಕಡೆ ಅಳೆದರೆ ತುಸು ವ್ಯತ್ಯಾಸ ಸಿಗಬೇಕು. ಕೈಗರಗಸದ ಗೆರೆಗಳು ನೇರವಾಗಿ, ಆದರೆ ಸಮನಾಗಿಲ್ಲದೆ ಇರುತ್ತವೆ, ಯಂತ್ರದ ದುಂಡು ಗರಗಸ ಕಮಾನಿನಂಥ ಗೆರೆ ಬಿಡುತ್ತದೆ. ಡ್ರಾವರಿನ ಮೂಲೆಯಲ್ಲಿ ಬೆರಳು ಹೆಣೆದಂತೆ ಕೂಡಿಸಿದ ಹಲ್ಲುಗಳು ಕೈಗೆಲಸದವಾದರೆ ಒಂದು ದಪ್ಪ, ಒಂದು ಸಣ್ಣ. ಹುಳು ತಿಂದ ತೂತಿಗೆ ಸೂಜಿ ಹಾಕಿ ನೋಡಬೇಕು. ಹುಳು ಸೊಟ್ಟಸೊಟ್ಟ ತಿನ್ನುತ್ತದೆ, ಸೂಜಿ ಸಿಕ್ಕಿಬೀಳುತ್ತದೆ. ನೇರವಾಗಿ ಒಳಗೆ ಹೋದರೆ ತಿಂದದ್ದು ಹುಳು ಅಲ್ಲ, ಡ್ರಿಲ್ಲು. ಮತ್ತು ಎಲ್ಲಕ್ಕಿಂತ ದೊಡ್ಡದು ಸವೆತ. ಕುರ್ಚಿಯಾದರೆ ಕೈ ಇಡುವಲ್ಲಿ ಸವೆಯಬೇಕು, ಕಾಲಿಡುವಲ್ಲಿ ಸವೆಯಬೇಕು. ಯಾರ ಕೈಯೂ ಹೋಗದ ಜಾಗ ಸವೆದಿದ್ದರೆ ಅಲ್ಲಿ ರಂದಾ ಕೆಲಸ ಮಾಡಿದೆ.

ಆ ಕುರ್ಚಿ ಈಗಲೂ ನಮ್ಮ ಮನೆಯಲ್ಲಿದೆ. ಕೂರಲು ಚೆನ್ನಾಗಿಯೇ ಇದೆ.

ಇನ್ನು 2019ರ ಆಗಸ್ಟಿನ ಮಾತು. ಆ ತಿಂಗಳು ಕೃಷ್ಣೆ, ದೂಧಗಂಗೆ, ವೇದಗಂಗೆ ಮೂರೂ ಒಟ್ಟಿಗೆ ಏರಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದೂ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ದೂಧಗಂಗೆಯ ದಂಡೆಯಲ್ಲಿದ್ದ ನಮ್ಮ ಅಣ್ಣನ ಮಣ್ಣಿನ ಮನೆ ಕುಸಿಯಿತು. ಜನ, ದನ ಉಳಿದವು, ಅದೇ ಪುಣ್ಯ. ನೀರು ಇಳಿದ ವಾರದಲ್ಲೇ ಟೆಂಪೋಗಳು ಬಂದವು. ಕೆಸರಿನಲ್ಲಿ ನಿಂತು, ಎರಡು ಹೊತ್ತು ಊಟಕ್ಕೂ ಗಂಜಿ ಕೇಂದ್ರ ನಂಬಿಕೊಂಡವರು ಸಾಗವಾನಿ ಕಂಬ ಯಾವ ಕಾಲದ್ದೆಂದು ನೋಡುತ್ತಾರೆಯೇ? ಕೆತ್ತನೆಯ ಬಾಗಿಲ ಚೌಕಟ್ಟು, ತಾಮ್ರದ ಹಂಡೆ, ಹಿತ್ತಾಳೆ ಕೊಡ, ಎಲ್ಲವೂ ಕಿಲೋ ಲೆಕ್ಕದಲ್ಲಿ ಹೋದವು. ಅದರಲ್ಲಿ ನನ್ನ ತಂದೆಯ ಪೆಟ್ಟಿಗೆಯೂ ಹೋಯಿತು.

ತಂದೆ ನಿಪ್ಪಾಣಿಯ ತಂಬಾಕು ವಖಾರಿಯೊಂದರಲ್ಲಿ ದಿವಾಣಜಿ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯ ಮೇಲೆ ಕೀರ್ದಿ ಖಾತೆ ಬರೆಯುತ್ತಿದ್ದರು. ಪೆಟ್ಟಿಗೆಯೊಳಗೆ ದೌತಿ, ಟಾಕು, ಬಿಲ್ಲೆ ಬೆಲ್ಲ. ಬೆಲ್ಲ ನನಗಾಗಿ. ಒಂದು ಪೈಸೆಯ ಲೆಕ್ಕ ಕೂಡದಿದ್ದರೂ ದೀಪ ಆರಿಸುತ್ತಿರಲಿಲ್ಲ. ನಾನು ಬಿ.ಕಾಂ. ಓದಿದ್ದು ಆ ಪೆಟ್ಟಿಗೆ ನೋಡಿಯೇ. ಅಣ್ಣ ಅದನ್ನು ಇನ್ನೂರು ರೂಪಾಯಿಗೆ ಕೊಟ್ಟದ್ದು ನನಗೆ ತಿಳಿದದ್ದು ಆರು ತಿಂಗಳ ಮೇಲೆ. ಅವನಿಗೆ ಏನೂ ಅನ್ನಲಿಲ್ಲ, ಅವನ ಮನೆಯೇ ಹೋಗಿತ್ತು.

ಅಂದಿನಿಂದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ನನ್ನ ಕಣ್ಣು ಆ ಪೆಟ್ಟಿಗೆಯನ್ನೇ ಹುಡುಕುತ್ತಿತ್ತು. ಹುಡುಕುವಾಗ ಬೇರೆಯವರ ಮನೆಗಳೂ ಕಣ್ಣಿಗೆ ಬಿದ್ದವು. ನಮ್ಮಲ್ಲಿ ಮದುವೆಯ ಪಾತ್ರೆಗೆ ಹೆಸರು, ತಾರೀಖು ಹಾಕಿಸುವ ರೂಢಿಯಿದೆಯಲ್ಲ, ಚುಕ್ಕೆಚುಕ್ಕೆಯಾಗಿ ಉಳಿಯಿಂದ ಬಡಿದು? ಒಂದು ಅಂಗಡಿಯಲ್ಲಿ ಹುಡುಗನೊಬ್ಬ ಯಂತ್ರಕ್ಕೆ ಹಿಡಿದು ಆ ಹೆಸರುಗಳನ್ನು ಉಜ್ಜಿ ತೆಗೆಯುತ್ತಿದ್ದ. ಹೆಸರಿದ್ದರೆ ಗಿರಾಕಿಗಳು ಕೊಳ್ಳುವುದಿಲ್ಲವಂತೆ. ಯಾವ ಕೊಡ ಎಲ್ಲಿಯದು, ಎಷ್ಟು ವರ್ಷದ್ದು ಎಂದು ಹೇಳುವ ಒಂದೇ ಒಂದು ಖರೇ ಸಾಕ್ಷಿ ಅದು! ನಮ್ಮ ಮನೆಯವರು ಅಲ್ಲಿ ನಿಲ್ಲಲಾರದೆ ಹೊರಗೆ ಹೋದರು. ನಿಮ್ಮ ಅಟ್ಟದ ಮೇಲೆ ಹೆಸರಿರುವ ಪಾತ್ರೆಯಿದ್ದರೆ ಈ ರವಿವಾರ ಕೆಳಗಿಳಿಸಿ ಮಕ್ಕಳಿಂದ ಆ ಹೆಸರು ಓದಿಸಿರಿ.

ಕಾಯಿದೆಯ ಮಾತನ್ನೂ ಒಂದು ಸಾಲಿನಲ್ಲಿ ಹೇಳಿಬಿಡುತ್ತೇನೆ. ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕುಶಲ ಕೆಲಸದ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯಿದೆಗೆ ಸೇರುತ್ತವೆ, ಹಸ್ತಪ್ರತಿಗಾದರೆ 75 ವರ್ಷ ಸಾಕು. ಅವುಗಳ ವ್ಯಾಪಾರಕ್ಕೆ ಲೈಸನ್ಸ್ ಬೇಕು, ವಿದೇಶದ ಮಗನಿಗೆ ಕಳಿಸುವಂತಿಲ್ಲ. ಗುಡಿಯ ಮೂರ್ತಿ, ಹೊಲದಲ್ಲಿ ಸಿಕ್ಕ ನಿಧಿ ಇವುಗಳ ತಂಟೆಗೆ ಹೋಗಲೇಬಾರದು.

ಕೊಲ್ಹಾಪುರದ ರಸ್ತೆಯಲ್ಲಿ ಒಂದು ಅಂಗಡಿ. ಮೊಮ್ಮಗಳೂ ಜೊತೆಗಿದ್ದಳು. ಮೂಲೆಯಲ್ಲಿ ಇಳಿಜಾರು ಮುಚ್ಚಳದ ಪೆಟ್ಟಿಗೆ ಕಂಡದ್ದೇ ನನ್ನ ಎದೆ ಡವಗುಟ್ಟಿತು. “ಪೇಶ್ವೆ ಕಾಲದ್ದು, 18 ಸಾವಿರ” ಎಂದರು ಅಂಗಡಿಯವರು. ಅದೇ ಎತ್ತರ, ಅದೇ ಇಳಿಜಾರು, ಬಲಗಡೆ ದೌತಿಯ ಗುಳಿ. ಮೂಲೆಗಳಿಗೆ ಹಿತ್ತಾಳೆ ಪಟ್ಟಿ ಇತ್ತು, ನಮ್ಮದಕ್ಕೆ ಇರಲಿಲ್ಲ. ಆದರೆ ಪಟ್ಟಿ ಹೊಸದು, ಮೊಳೆಯೂ ಹೊಸದು. ನಾನು ಆಗಲೇ ಜೇಬಿಗೆ ಕೈಹಾಕಿದ್ದೆ. ಮೊಮ್ಮಗಳು ಕೈ ಹಿಡಿದಳು. “ಅಜ್ಜಾ, ಮೊದಲ ಬೋರಲು ಹಾಕು” ಎಂದಳು.

ಬೋರಲು ಹಾಕಿದೆವು. ತಳದ ಹಲಗೆಗೆ ಪಾಲಿಶ್ ಇಲ್ಲ, ಕೈಗರಗಸದ ಸಮನಿಲ್ಲದ ಗೆರೆಗಳು. ಮೂಲೆಯ ಹಲ್ಲುಗಳು ಒಂದು ದಪ್ಪ, ಒಂದು ಸಣ್ಣ. ಬಿಜಾಗರಿಯ ಸ್ಕ್ರೂಗಳಿಗೆ ಒಂದೇ ಗೀರು. ಮುಚ್ಚಳದ ಕೆಳಅಂಚು, ಬರೆಯುವವರ ಮುಂಗೈ ಒರಗುವ ಕಡೆ ಮಾತ್ರ, ತಗ್ಗಾಗಿ ಸವೆದಿತ್ತು. ಪೇಶ್ವೆಯ ಕಾಲದ್ದಲ್ಲ, ನೂರರ ಒಳಗಿನದೇ ಇರಬೇಕು ಎಂದು ಆಮೇಲೆ ಬಡಿಗೇರ ಕಾಕಾ ಹೇಳಿದರು. ಆದರೆ ಖರೇ ಪೆಟ್ಟಿಗೆ. ಡ್ರಾವರು ಎಳೆದು ತೆಗೆದು, ಅದು ಕೂರುವ ಸಂದಿಗೆ ಸೂಜಿ ಹಾಕಿ ಕೆರೆದೆ. ನುಣ್ಣನೆಯ ಕಪ್ಪು ಮಣ್ಣು ಉದುರಿತು. ಚಹಾದ ನೀರಲ್ಲ, ಪಾಲಿಶಲ್ಲ. ಹೊಳೆಯ ರೇವೆ! ಅಂಗೈಯಲ್ಲಿ ಹಿಡಿದು ಮೂಸಿದೆ. ಆ ವಾಸನೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಿಲ್ಲ.

ಆದರೆ ಅದು ನಮ್ಮದಾಗಿರಲಿಲ್ಲ. ತಂದೆಯ ಪೆಟ್ಟಿಗೆಯ ತಳದಲ್ಲಿ ನಾನು ಸಣ್ಣವನಿದ್ದಾಗ ಮೊಳೆಯಿಂದ ಕೊರೆದು ಏಟು ತಿಂದ ಒಂದು ಎತ್ತಿನ ಚಿತ್ರವಿತ್ತು. ಇದರಲ್ಲಿ ಎತ್ತು ಇಲ್ಲ. ಅದರ ಬದಲು ಡ್ರಾವರಿನ ಅಡಿಗೆ, ಯಾವುದೋ ಮಗುವಿನ ಅಕ್ಷರದಲ್ಲಿ, ಕನ್ನಡ ಅಂಕಿಗಳು ಒಂದರಿಂದ ಹತ್ತರ ವರೆಗೆ. ಏಳು ತಿರುವುಮುರುವಾಗಿದೆ.

“ಇದು ಯಾರದ್ದಜ್ಜಾ?” ಎಂದಳು ಮೊಮ್ಮಗಳು. ನನ್ನ ಬಳಿ ಉತ್ತರವಿರಲಿಲ್ಲ. ಬಿಟ್ಟು ಬರಲೂ ಆಗಲಿಲ್ಲ. ಒಂದು ತಾಸು ಚೌಕಾಸಿ ಮಾಡಿ, ಇಸವಿ, ಸ್ಕ್ರೂ, ಹೊಸ ಪಟ್ಟಿ ಎಲ್ಲವನ್ನೂ ತೋರಿಸಿ, 6,500 ರೂಪಾಯಿಗೆ ತಂದೆವು. ಹಿತ್ತಾಳೆ ಪಟ್ಟಿಗಳನ್ನು ಕಾಕಾ ಕಿತ್ತುಹಾಕಿಕೊಟ್ಟರು. ಈಗ ಅದು ನಮ್ಮ ಪಡಸಾಲೆಯಲ್ಲಿದೆ. ಮೊಮ್ಮಗಳು ಅದರ ಮೇಲೆ ಇಟ್ಟು ಓದುತ್ತಾಳೆ.

ಹೊಳೆದಂಡೆಯ ಊರಿನ ಓದುಗರೇ, ಆ ಮಹಾಪೂರದಲ್ಲಿ ನಿಮ್ಮ ಮನೆಯಿಂದ, ನಿಮ್ಮ ಬೀಗರ ಮನೆಯಿಂದ ಇಂಥ ಪೆಟ್ಟಿಗೆ ಹೋಗಿದ್ದರೆ ಪತ್ರಿಕೆಯ ವಿಳಾಸಕ್ಕೆ ನನ್ನ ಹೆಸರಿಗೆ ಒಂದು ಕಾರ್ಡು ಹಾಕಿರಿ. ಅಂಕಿ ಬರೆದ ಆ ಮಗು ಈಗ ನನ್ನಷ್ಟೇ ಮುದುಕನೋ ಮುದುಕಿಯೋ ಆಗಿರಬಹುದು. ಪೆಟ್ಟಿಗೆಯನ್ನು ನಾನೇ ತಂದು ಮುಟ್ಟಿಸುತ್ತೇನೆ, ಹಣದ ಮಾತು ಬೇಡ. ಮುಚ್ಚಳದ ಒಳಬದಿಗೆ ಇನ್ನೊಂದು ಗುರುತು ಇದೆ. ಅದೇನೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ. ಕಾರ್ಡಿನಲ್ಲಿ ನೀವೇ ಬರೆಯಬೇಕು. ಸಹಿ ತಾಳೆ ನೋಡದೆ ಹಣ ಕೊಟ್ಟವನಲ್ಲ ನಾನು.